ಫ್ರೆಟ್‌ಲೆಸ್ ಬೇಸ್: ಇಲ್ಲಿ ನೆಲ ನಿಜಕ್ಕೂ ಡೊಂಕಿರಬಹುದು

ಒಂದು ಸೆಕೆಂಡ್ ಹ್ಯಾಂಡ್ ಫ್ರೆಟ್‌ಲೆಸ್ ಬೇಸ್ ಗಿಟಾರ್, ಅಂದರೆ ಸ್ವರದ ಜಾಗಗಳಲ್ಲಿ ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿ ಇಲ್ಲದ ಬೇಸ್, ಈಚೆಗೆ ನನ್ನ ತಲೆ ತಿನ್ನುತ್ತಿದೆ. ಸಣ್ಣ ವರ್ಕ್‌ಶಾಪ್‌ನಲ್ಲಿ ಒಬ್ಬರೇ ಕೂತು ಕೈಯಿಂದ ಮಾಡಿದ್ದು. ಐದು ತಂತಿ, ಬೆರಳಿಡುವ ಕರಿಮರದ ಫಿಂಗರ್‌ಬೋರ್ಡ್, ಅದರ ಮೇಲೆ ಸ್ವರದ ಜಾಗ ತೋರಿಸುವ ಒಂದು ಗೆರೆಯೂ ಇಲ್ಲ. "ಇಂಥದ್ದು ಮತ್ತೆ ಸಿಗಲ್ಲ, ತಗೊಂಬಿಡು" ಅನ್ನುವ ಗೆಳೆಯರಿದ್ದಾರೆ. "ಒಂದು ಬೇಸ್‌ಗೆ ಅಷ್ಟು ದುಡ್ಡಾ, ಹುಚ್ಚಾ?" ಅನ್ನುವವರೂ ಇದ್ದಾರೆ. ಎರಡೂ ಕಡೆಯವರು ನೋಡುತ್ತಿರುವುದು ಹೆಡ್‌ಸ್ಟಾಕ್ ಮೇಲಿನ, ಅಂದರೆ ಬೇಸ್‌ನ ತಲೆಯ ಮೇಲಿನ, ತಯಾರಕರ ಹೆಸರನ್ನು. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ್ದು.

ಹೆಸರಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಫ್ರೆಟ್‌ಲೆಸ್‌ಗೆ ಹೆಸರಾದ ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ನುಡಿಸಿದ್ದು ಫ್ಯಾಕ್ಟರಿಯಲ್ಲಿ ತಯಾರಾದ 1962ರ ಫೆಂಡರ್ ಜಾಝ್ ಬೇಸ್. ಫ್ರೆಟ್ ಕಿತ್ತು, ಸಂದು ತುಂಬಿ, ದೋಣಿಗೆ ಬಳಿಯುವ ಎಪಾಕ್ಸಿ ಅನ್ನುವ ಗಟ್ಟಿ ರಾಳ ಬಳಿದದ್ದು. 1976ರಲ್ಲಿ ಅವರ ಮೊದಲ ಆಲ್ಬಂ ಬಂದ ಮೇಲೆ ಜಗತ್ತೇ ಆ ನಾದದ ಹಿಂದೆ ಬಿತ್ತು. ಇನ್ನೊಂದು ಕಡೆ ‘ಜಪಾನ್’ ಅನ್ನುವ ಇಂಗ್ಲಿಷ್ ಬ್ಯಾಂಡಿನ ಬೇಸ್ ವಾದಕರಾಗಿದ್ದ ಮಿಕ್ ಕಾರ್ನ್. ಅವರ ಕೈಯಲ್ಲಿದ್ದದ್ದು ಇಂಗ್ಲೆಂಡಿನ ಪುಟ್ಟ ತಯಾರಕರಾದ ವಾಲ್ ಕಂಪನಿಯ ಬೇಸ್. ಹಾಗಾಗಿ ಬೂಟೀಕ್, ಅಂದರೆ ಪುಟ್ಟ ತಯಾರಕರ ಕೈಕೆಲಸದ ಬೇಸ್, ಬೇಕೇ ಬೇಕು ಅನ್ನುವುದೂ ಸುಳ್ಳು, ಅದೆಲ್ಲ ಬರೀ ಶೋಕಿ ಅನ್ನುವುದೂ ಸುಳ್ಳು.

ಆದರೂ ನನ್ನ ಮನಸ್ಸು ಕೈಕೆಲಸದ ಕಡೆಗೇ ವಾಲುತ್ತದೆ. ಫ್ರೆಟ್ ಇರುವ ಬೇಸ್‌ನಲ್ಲಿ ತಂತಿ ನಿಲ್ಲುವುದು ಲೋಹದ ಮೇಲೆ. ಕೆಳಗಿನ ಮರ ಸ್ವಲ್ಪ ಏರುಪೇರಾದರೂ ನಡೆದುಹೋಗುತ್ತದೆ. ಫ್ರೆಟ್‌ಲೆಸ್‌ನಲ್ಲಿ ಮರವೇ ಫ್ರೆಟ್. ನಮಗೆಲ್ಲ ಹುಚ್ಚು ಹಿಡಿಸುವ ಆ "ಮ್ವಾ" ನಾದ ಬರುವುದೇ ತಂತಿ ಕಂಪಿಸುತ್ತಾ ಬೋರ್ಡ್‌ಗೆ ಉದ್ದಕ್ಕೂ ಮೆತ್ತಗೆ ತಾಗುವುದರಿಂದ. ಅದಕ್ಕೆ ತಂತಿ ತುಂಬ ಕೆಳಗಿರಬೇಕು, ಬೋರ್ಡ್ ಹೆಚ್ಚುಕಮ್ಮಿ ನೇರವಾಗಿರಬೇಕು. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಉಬ್ಬಿದ್ದರೂ ಅಲ್ಲಿ ಸ್ವರ ಉಸಿರುಗಟ್ಟುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗುತ್ತೇವಲ್ಲ, ಇಲ್ಲಿ ನೆಲ ನಿಜಕ್ಕೂ ಡೊಂಕಿರಬಹುದು. ಬೇಸ್‌ನ ಮೈಮೇಲೆ ಅಂಟಿಸಿದ ಚೆಂದದ ಮರದ ಹಲಗೆಗೆ ನಾನು ಜಾಸ್ತಿ ದುಡ್ಡು ಕೊಡುವುದಿಲ್ಲ. ನೆಟ್ಟಗಿರುವ ನೆಲಕ್ಕೆ ಕೊಡುತ್ತೇನೆ.

ತೊಂದರೆ ಇರುವುದು ಆ ನೆಲ ಸವೆಯುತ್ತದೆ ಅನ್ನುವುದರಲ್ಲಿ. ರೌಂಡ್‌ವೂಂಡ್ ತಂತಿ, ಅಂದರೆ ಮೇಲೆ ದುಂಡು ತಂತಿ ಸುತ್ತಿದ್ದು, ಅರದ ಹಾಗೆ. ಪ್ರತಿ ಸ್ಲೈಡ್, ಪ್ರತಿ ವೈಬ್ರಾಟೋ ಮರವನ್ನು ಒಂಚೂರು ಉಜ್ಜುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ ನುಣುಪಾದ ಫ್ಲಾಟ್‌ವೂಂಡ್ ಹಾಕಿಕೊಂಡೇ ನುಡಿಸಿದ್ದರೆ ಅಷ್ಟು ಭಯವಿಲ್ಲ. ಆದ್ದರಿಂದ ಹಳೆಯ ಫ್ರೆಟ್‌ಲೆಸ್ ನೋಡುವಾಗ ಮೇಲಿನಿಂದ ಬೆಳಕು ಬಿಟ್ಟು ನೋಡಿ ಪ್ರಯೋಜನವಿಲ್ಲ. ಟಾರ್ಚನ್ನು ನೆಕ್‌ನ ಪಕ್ಕದಿಂದ, ಬೋರ್ಡ್‌ಗೆ ಸಮವಾಗಿ ಮಲಗಿಸಿ ಹಿಡಿಯಬೇಕು. ಆಗ ತಂತಿಗಳ ಕೆಳಗಿನ ಗೀರುಗಳು ನೆರಳು ಬಿಟ್ಟು ಎದ್ದು ಕಾಣುತ್ತವೆ. ತೆಳು ಗೀರಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಉಗುರು ಅಡ್ಡ ಎಳೆದಾಗ ಟಕ್ ಅಂತ ಸಿಕ್ಕಿಕೊಂಡರೆ ಅದು ಹಳ್ಳ.

ಹಳ್ಳವಿದ್ದರೆ ಹೆರೆಸಿ ಸರಿಮಾಡಿಸಬಹುದು. ಆದರೆ ಪ್ರತಿ ಸಲ ಮರ ಕಳೆದುಕೊಳ್ಳುತ್ತೇವೆ. ಮಾರುವವರು "ಒಂದು ಸಲವೂ ಹೆರೆಸಿಲ್ಲ" ಅನ್ನಬಹುದು. ಸ್ವರದ ಜಾಗ ಗುರುತಿಸಲು ಬೋರ್ಡ್‌ನ ಪಕ್ಕದಲ್ಲಿ ಇಟ್ಟಿರುವ ಚುಕ್ಕೆಗಳನ್ನು ನೋಡಿ. ಅವು ಬೋರ್ಡ್‌ನ ಮೇಲಂಚಿಗೆ ಅನುಮಾನ ಬರುವಷ್ಟು ಹತ್ತಿರವಿದ್ದರೆ ಮರ ಹೋಗಿರುವ ಸಾಧ್ಯತೆ ಇದೆ. ಎಪಾಕ್ಸಿ ಅಥವಾ ಪಾಲಿಯೆಸ್ಟರ್ ಬಳಿದ ಬೋರ್ಡ್ ಆದರೆ ಸವೆತ ಕಡಿಮೆ, ನಾದ ಹೊಳಪು. ಆದರೆ ಪದರ ಬಿರುಕು ಬಿಟ್ಟರೆ ಆ ರಿಪೇರಿ ಎಲ್ಲರ ಕೈಲಾಗುವುದಲ್ಲ.

ಚುಕ್ಕೆಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಗೆರೆ ಇಲ್ಲದ ಬೇಸ್‌ಗಳಲ್ಲಿ ಕೆಲವು ತಯಾರಕರು ಚುಕ್ಕೆಯನ್ನು ಸ್ವರದ ಜಾಗದಲ್ಲೇ ಇಡುತ್ತಾರೆ. ಕೆಲವರು ಫ್ರೆಟ್ ಇರುವ ಬೇಸ್‌ನಂತೆ ಎರಡು ಸ್ವರಗಳ ನಡುವೆ ಇಡುತ್ತಾರೆ. ಕೇಳಲಿಕ್ಕೆ ಸಣ್ಣ ವಿಷಯ, ಅಲ್ವಾ? ತಂತಿ ಕಂಪಿಸುವ ಉದ್ದ, ಅಂದರೆ ಸ್ಕೇಲ್, 34 ಇಂಚಿದ್ದರೆ ತಲೆಯ ಕಡೆ ತಂತಿ ಕೂರುವ ನಟ್‌ನಿಂದ ಮೊದಲ ಸ್ವರಕ್ಕೆ ಸುಮಾರು 48 ಮಿಲಿಮೀಟರ್, ಹನ್ನೆರಡನೆಯ ಜಾಗ ದಾಟಿದ ಮೇಲೆ ಮುಂದಿನ ಸ್ವರಕ್ಕೆ ಬರೀ 24. ನಡುವೆ ಇರುವ ಚುಕ್ಕೆಯನ್ನು ಸ್ವರವೆಂದು ನಂಬಿ ಬೆರಳಿಟ್ಟರೆ ಶ್ರುತಿ ಅರ್ಧ ಸ್ವರದ ಅರ್ಧದಷ್ಟು ಇಳಿದಿರುತ್ತದೆ. ಡ್ರಮ್ಮರ್‌ಗೂ ಗೊತ್ತಾಗುವಷ್ಟು! ಕಿವಿಯೇ ಮುಖ್ಯ ಅನ್ನುವವರ ಮಾತು ಸರಿ. ಆದರೆ ವೇದಿಕೆಯಲ್ಲಿ ಪಕ್ಕದವರ ಗಿಟಾರ್ ಆಂಪ್ ಮಾತ್ರ ಕೇಳಿಸುವಾಗ ಕಣ್ಣೂ ಬೇಕಾಗುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ನೆಕ್‌ನ ಬಾಗು ಸರಿಮಾಡುವ ಒಳಗಿನ ಕಂಬಿ, ಟ್ರಸ್ ರಾಡ್, ಸುಲಭವಾಗಿ ತಿರುಗಬೇಕು. ಬೇಸ್‌ನೊಳಗೆ ಸದ್ದು ತಿದ್ದುವ ಸರ್ಕ್ಯೂಟ್ ಆದ ಪ್ರಿಆಂಪನ್ನು ರಿಪೇರಿಗೆ ಸಿಗದಂತೆ ರಾಳದಲ್ಲಿ ಮುಳುಗಿಸಿ ಮುಚ್ಚಿದ್ದರೆ, ಅದನ್ನು ಮಾಡಿದವರು ಅಂಗಡಿ ಮುಚ್ಚಿದ್ದರೆ, ಅದಿಲ್ಲದೆ ನುಡಿಸಲು ಪ್ಯಾಸಿವ್ ಸ್ವಿಚ್ ಇದೆಯಾ ಅಂತ ಮೊದಲು ಕೇಳಿ. ಬೋರ್ಡ್ ಬ್ರೆಜಿಲ್‌ನ ರೋಸ್‌ವುಡ್ ಆಗಿದ್ದರೆ ದೇಶದ ಗಡಿ ದಾಟಿಸಲು ಕಾಗದಪತ್ರ ಬೇಕು. 1992ರಿಂದ ಆ ಮರ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ.

"ಮುಂದೆ ಇದರ ಬೆಲೆ ಏರುತ್ತೆ" ಅನ್ನುವ ಮಾತನ್ನಂತೂ ನಾನು ನಂಬುವುದಿಲ್ಲ. ಫ್ರೆಟ್‌ಲೆಸ್ ಕೊಳ್ಳುವವರೇ ಕಡಿಮೆ. ಅದರಲ್ಲಿ ಐದು ತಂತಿ, ಗೆರೆ ಇಲ್ಲದ್ದು ಬೇಕು ಅನ್ನುವವರು ಇನ್ನೂ ಕಡಿಮೆ. ಇಂಥ ಕೈಕೆಲಸಕ್ಕೆ ಹೋಲಿಸಿದರೆ ಇವತ್ತು ನನಗೆ ಅಗ್ಗಕ್ಕೆ ಸಿಗುತ್ತಿರುವುದು ಅದೇ ಕಾರಣಕ್ಕೆ. ನಾಳೆ ನಾನು ಮಾರಲು ಹೊರಟರೂ ಅದೇ ಕಥೆ. ನುಡಿಸಲಿಕ್ಕೆ ಬೇಕಿದ್ದರೆ ಮಾತ್ರ ತಗೋಬೇಕು. ಫ್ರೆಟ್‌ಲೆಸ್ ಮುಟ್ಟಿಯೇ ಇಲ್ಲದವರು ಸುಮ್ನೆ ಒಂದು ಹಳೆ ಬೇಸ್‌ನ ಫ್ರೆಟ್ ತೆಗೆಸಿ, ಸಂದು ತುಂಬಿಸಿ ನುಡಿಸಿ ನೋಡುವುದು ವಾಸಿ. ನಾನು ಗೆರೆ ಇರುವ ಒಂದು ಸಾದಾ ಫ್ರೆಟ್‌ಲೆಸ್ ಅನ್ನು ದಿನಾ ಕೈಗೆತ್ತಿಕೊಳ್ಳುತ್ತೇನೆ. ಅದರ ಬೋರ್ಡ್ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಗೊತ್ತಿರುವುದರಿಂದಲೇ ಈ ಆಸೆ.

ಮಾರುವವರಿಗೆ ಮೂರು ವಸ್ತು ಕಳಿಸಿ ಅಂದಿದ್ದೇನೆ. ಟಾರ್ಚ್ ಮಲಗಿಸಿ ತೆಗೆದ ಫೋಟೋ, ಚುಕ್ಕೆಗಳ ಹತ್ತಿರದ ಫೋಟೋ, ಮತ್ತು ಜಿ ತಂತಿಯ ಮೇಲೆ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಸ್ವರ ಹಿಡಿದು ನಿಲ್ಲಿಸಿದ ರೆಕಾರ್ಡಿಂಗ್. ಸದ್ದನ್ನು ದಪ್ಪ ಮಾಡುವ ಕೋರಸ್ ಬೇಡ, ಗುಂಯ್‌ಗುಡಿಸುವ ರಿವರ್ಬ್ ಬೇಡ ಅಂತ ಒತ್ತಿ ಹೇಳಿದ್ದೇನೆ, ಅವು ಎಲ್ಲ ಹುಳುಕನ್ನೂ ಮುಚ್ಚುತ್ತವೆ. ಐದರಿಂದ ಏಳನೆಯ ಜಾಗದ ನಡುವೆ ಸ್ವರ ಸತ್ತುಹೋಗದೆ ನಿಂತರೆ, ಚುಕ್ಕೆಗಳ ಮೇಲೆ ಮರ ಉಳಿದಿದ್ದರೆ, ತಗೊಳ್ಳುತ್ತೇನೆ. ಇಲ್ಲವಾದರೆ ಹೆರೆಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳುತ್ತೇನೆ. ಒಪ್ಪದಿದ್ದರೆ ಬಿಟ್ಟುಬಿಡುತ್ತೇನೆ.