ನೌಕ್ರಿ ಸೇರೂಕಿಂತ ಮೊದ್ಲ ಯಾವ ಲಸಿಕಿ, ಯಾರಿಗೆ, ರೊಕ್ಕ ಯಾರು ಕೊಡಬೇಕು

ಜೂನ್ ಜುಲೈ ಬಂತಂದ್ರ ನಮ್ಮ ಲ್ಯಾಬಿಗೆ ಫಿಟ್ನೆಸ್ ಸರ್ಟಿಫಿಕೇಟ್ ಸಲುವಾಗಿ ರಕ್ತ ಕೊಡಾಕ ಬರೋ ಹುಡುಗರ ಪಾಳಿ ಶುರು ಆಗ್ತೈತಿ. ಐಟಿಐ ಮುಗಿಸಿ ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪಿಗೆ ಹೊಂಟೋರು, ತಾರಿಹಾಳ ಫ್ಯಾಕ್ಟರಿಗೆ ಹೊಂಟೋರು, ನರ್ಸಿಂಗ್ ಮುಗಿಸಿದ ಹುಡುಗ್ಯಾರು, ಬೆಂಗಳೂರಿಗೆ ಕಂಪ್ಯೂಟರ್ ಕೆಲಸಕ್ಕ ಹೋಗೋರು, ಎಲ್ಲಾರ ಕೈಯಾಗೂ ಸುಮಾರು ಅದೇ ಫಾರ್ಮು: ಬ್ಲಡ್ ಗ್ರೂಪ್, ಶುಗರ್, ಎದಿ ಎಕ್ಸ್‌ರೇ, ಕಣ್ಣಿನ ಟೆಸ್ಟು. ಲಸಿಕಿ ಬಗ್ಗೆ ಒಂದ ಸಾಲೂ ಇರೂದಿಲ್ಲ. ಅದ್ರಾಗ ಒಬ್ಬಿಬ್ರು ಶಾಣ್ಯಾರು ಕೇಳ್ತಾರ, "ಅಕ್ಕಾರ, ಕೆಲಸಕ್ಕ ಸೇರೂಕಿಂತ ಮೊದ್ಲ ಬೂಸ್ಟರ್ ಏನರ ಹಾಕಿಸ್ಕೋಬೇಕೇನ್ರಿ?" ಅಂತ. ಭಾಳ ಛಲೋ ಪ್ರಶ್ನೆ ಅದು, ನಿಂತಲ್ಲೇ ಹೂಂ ಇಲ್ಲ ಅಂತ ಹೇಳಿ ಮುಗಿಸೂವಂಥದ್ದಲ್ಲ, ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ.

ಮೊದ್ಲ ಟಿಟಿ, ಅಂದ್ರ ಧನುರ್ವಾಯು (ಟೆಟನಸ್) ಲಸಿಕಿ ಬಗ್ಗೆ. ನಮ್ಮ ಕಡೆ ಟಿಟಿ ಅಂದ್ರ ತಗಡು ತಾಗಿದಾಗ, ಮೊಳಿ ಚುಚ್ಚಿದಾಗ ಓಡಿ ಹೋಗಿ ಮಾಡಿಸ್ಕೊಳ್ಳೋ ಇಂಜೆಕ್ಷನ್, ಅದು ಆರು ತಿಂಗಳಷ್ಟ ನಡೀತೈತಿ ಅಂತ ಅರ್ಧಕ್ಕರ್ಧ ಮಂದಿ ತಿಳ್ಕೊಂಡಾರ. ಹಂಗಿಲ್ರಿ. ಸಣ್ಣವರಿದ್ದಾಗಿನ ಡೋಸು ಪೂರ್ತಿ ಆಗಿದ್ರ ಹತ್ತು ವರ್ಷಕ್ಕೊಂದು ಬೂಸ್ಟರ್ ಸಾಕು, ಮಣ್ಣು ಸೆಗಣಿ ತುಕ್ಕು ಹತ್ತಿದ ಗಾಯ ಆತಂದ್ರ ಹಿಂದಿನ ಡೋಸಾಗಿ ಐದು ವರ್ಷ ದಾಟೈತೇನು ಅಂತ ನೋಡ್ತಾರ. ಸರ್ಕಾರದ ಪಟ್ಟಿ ಪ್ರಕಾರ ಕಡೀ ಎರಡು ಡೋಸು 10 ಮತ್ತ 16ನೇ ವಯಸ್ಸಿಗೆ. ಹತ್ತರದ್ದು ಸಾಲ್ಯಾಗ ಹೆಂಗೋ ಆಗಿಹೋಗ್ತೈತಿ, ಹದಿನಾರರದ್ದು ತಪ್ಪಿಸ್ಕೊಂಡೋರು ಭಾಳ ಮಂದಿ, ಯಾಕಂದ್ರ ಆವಾಗ ಹುಡುಗ ಪಿಯುಸಿಯಾಗಿರ್ತಾನ ಇಲ್ಲಾ ಐಟಿಐದಾಗಿರ್ತಾನ, ಅಲ್ಲಿ ಕರದು ಕೂಡ್ರಿಸಿ ಹಾಕೋರು ಯಾರು? ಹೆಣ್ಮಕ್ಕಳಿಗೆ ಬಸಿರಿದ್ದಾಗ ಮತ್ತೊಮ್ಮೆ ಸಿಗ್ತೈತಿ. ಗಂಡಸರಿಗೆ ಅದೂ ಇಲ್ಲ, ಗಾಯ ಆದ್ರಷ್ಟ. ಅಂದ್ರ ಲೇಥ್ ಮಷೀನಿನ ಮುಂದ, ಫೌಂಡ್ರಿಯೊಳಗ, ಗಟಾರದಾಗ, ಹೊಲದಾಗ ದಿನಾ ಕೈ ಕೊಯ್ಕೊಳ್ಳೋ ಗಂಡು ಹುಡುಗ್ರ ಕಡೆ ಯಾರ ಲಕ್ಷ್ಯನೂ ಇಲ್ಲ. ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಹಬ್ಬೋ ರೋಗ ಅಲ್ಲ, ಅದರ ಬೀಜ ಮಣ್ಣಾಗ ಇರ್ತೈತಿ, ಊರ ಮಂದಿ ಎಲ್ಲಾ ಲಸಿಕಿ ಹಾಕಿಸ್ಕೊಂಡ್ರೂ ನಿಮ್ಮನ್ನ ಅದು ಕಾಯೂದಿಲ್ಲ, ನಿಮ್ದು ನೀವ ಹಾಕಿಸ್ಕೋಬೇಕು. ಒಮ್ಮೆ ಧನುರ್ವಾಯು ಬಂದು ಉಳದವಗೂ ಮತ್ತ ಬರಬಹುದು. ಇನ್ನ ಈಗ ಸರ್ಕಾರಿ ಆಸ್ಪತ್ರ್ಯಾಗ ಟಿಟಿ ಬದ್ಲಿ ಟಿಡಿ ಕೊಡ್ತಾರ, ಅದ್ರಾಗ ಗಂಟಲಮಾರಿಗೂ ರಕ್ಷಣಾ ಐತಿ, ಸಿಕ್ರ ಅದನ್ನ ಕೇಳಿ ಹಾಕಿಸ್ಕೋರಿ.

ಆದ್ರ ನನಗ ಭಾಳ ಸಂಕಟ ಆಗೋದು ಹೆಪಟೈಟಿಸ್ ಬಿ, ಅಂದ್ರ ರಕ್ತದಿಂದ ಹಬ್ಬಿ ಲಿವರ್ ಕೆಡಿಸೋ ವೈರಸ್ ರೋಗದ ವಿಷಯಕ್ಕ. ಇದಕ್ಕ ಬೂಸ್ಟರ್ ಅನ್ನೋದ ತಪ್ಪು, ಈಗ ನೌಕ್ರಿಗೆ ಸೇರೋ ವಯಸ್ಸಿನ ಭಾಳ ಮಂದಿಗೆ ಮೊದಲನೇ ಡೋಸ ಆಗಿರೂದಿಲ್ಲ. ಕೂಸುಗಳಿಗೆ ಈ ಲಸಿಕಿ ದೇಶದ ತುಂಬ ಸರ್ಕಾರದಿಂದ ಸಿಗಾಕತ್ತಿದ್ದ 2011ರ ಸುಮಾರಿಗೆ. ಕರ್ನಾಟಕ ಹಿಡದು ಕೆಲವು ರಾಜ್ಯದಾಗ ಅದಕ್ಕಿಂತ ಒಂದ್ನಾಲ್ಕು ವರ್ಷ ಮೊದ್ಲ ಶುರು ಆಗಿತ್ತು, ಅದಕ್ಕೂ ಹಿಂದ ಹುಟ್ಟಿದ ಭಾಳ ಮಂದಿಗೆ ಮನ್ಯಾಗ ಯಾರರ ರೊಕ್ಕ ಕೊಟ್ಟು ಹಾಕಿಸಿದ್ರ ಮಾತ್ರ ಐತಿ. ಲಸಿಕಿ ಆಗದಿದ್ದವಗ ಈ ರೋಗ ಇರೋ ಪೇಶಂಟಿನ ಸೂಜಿ ಚುಚ್ಚಿದ್ರ ತಗಲೋ ಸಾಧ್ಯತೆ 6ರಿಂದ 30 ಪರ್ಸೆಂಟ್ ತನಕ ಹೇಳ್ತಾರ, ಎಚ್‌ಐವಿಗೆ ಅದು 0.3 ಪರ್ಸೆಂಟ್. ನಮ್ಮ ಮಂದಿ ಎಚ್‌ಐವಿಗೆ ಅಂಜ್ತಾರ, ಇದಕ್ಕ ಅಂಜೂದಿಲ್ಲ, "ಕಾಮಣಿ ಅಲ್ಲೇನ್ರಿ, ನಾಟಿ ಔಷಧ ತಗೊಂಡ್ರ ಹೋಗ್ತೈತಿ" ಅಂತಾರ. ಈ ವೈರಸ್ ಮೈಯಾಗ ಕುಂತು ಕಣ್ಣು ಹಳದಿ ಆಗದನ ಹತ್ತಿಪ್ಪತ್ತು ವರ್ಷಕ್ಕ ಲಿವರ್ ತಿಂದು ಹಾಕಬಹುದು, ಕ್ಯಾನ್ಸರೂ ಆಗಬಹುದು. ಒಣಗಿದ ರಕ್ತದಾಗೂ ಏಳು ದಿನದ ತನಕ ಜೀವ ಹಿಡಕೊಂಡಿರ್ತೈತಿ ಅದು.

ಹಂಗಾರ ಈ ಸೂಜಿ ಯಾರಿಗೆ ಚುಚ್ಚತೈತಿ? ಡಾಕ್ಟರ್‌ಗೂ ನರ್ಸಿಗೂ ಚುಚ್ಚತೈತಿ, ಖರೆ. ಆದ್ರ ಅವ್ರಿಗೆ ಕಾಲೇಜಿನ್ಯಾಗ ಯಾರರ ಒಬ್ರು ಹೇಳಿರ್ತಾರ. ಕಾಂಟ್ರ್ಯಾಕ್ಟ್ ಮ್ಯಾಲೆ ಬರೋ ಹೌಸ್‌ಕೀಪಿಂಗ್ ಅಕ್ಕಂದಿರು, ಆಸ್ಪತ್ರಿ ಕಸದ ಹಳದಿ ಕೆಂಪು ಚೀಲ ಎತ್ತೋ ಹುಡುಗ್ರು, ವಾರ್ಡಿನ ಚಾದರ ಒಗಿಯೋರು, ಬೆಳಿಗ್ಗೆ ಮನಿ ಮನಿ ಕಸಾ ತುಂಬೋ ಪೌರಕಾರ್ಮಿಕರು, ಅವ್ರಿಗೆ ಹೇಳೋರು ಯಾರು? ಶುಗರ್ ಇರೋ ಮಂದಿ ಮನ್ಯಾಗ ಇನ್ಸುಲಿನ್ ತಗೊಂಡು ಸೂಜಿ ಹಂಗ ಕಸದ ಡಬ್ಬಿಗೆ ಒಗೀತಾರ, ಅದು ಯಾರದರ ಕೈಗೆ ಚುಚ್ಚತೈತಿ ಅಂತ ವಿಚಾರ ಮಾಡೂದಿಲ್ಲ. (ದಯವಿಟ್ಟು ಗಟ್ಟಿ ಪ್ಲಾಸ್ಟಿಕ್ ಬಾಟ್ಲಿಯಾಗ ಹಾಕಿ ಮುಚ್ಚಿ ಕೊಡ್ರಿ.) ನಮ್ಮ ಊರ ಕಡೆ ಒಂದು ಖಾಸಗಿ ಆಸ್ಪತ್ರ್ಯಾಗ ಕಸಾ ಎತ್ತೋ ಹೆಣ್ಮಗಳೊಬ್ಬಾಕಿ ಬೆರಳಿಗೆ ಸೂಜಿ ಚುಚ್ಚಿಸ್ಕೊಂಡು ಬಂದಿದ್ಲು, ನಿಮಗ ಲಸಿಕಿ ಆಗೇತೇನವಾ ಅಂದ್ರ "ಕೋವಿಡ್‌ದು ಎರಡೂ ಆಗ್ಯಾವ್ರಿ" ಅಂದ್ಲು. ಆಕಿಗೆ ಹೆಪಟೈಟಿಸ್ ಅನ್ನೋ ಹೆಸರ ಗೊತ್ತಿದ್ದಿಲ್ಲ, ವರ್ಷಗಟ್ಟಲೆ ಅದ ಕೆಲಸ ಮಾಡ್ಯಾಳ.

ಕಾಯ್ದೆ ಇಲ್ಲೇನು ಅಂದ್ರ ಐತಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಾಗ ಸ್ಪಷ್ಟ ಬರದಾರ, ಆರೋಗ್ಯ ಸಿಬ್ಬಂದಿಗೆ ಅಷ್ಟ ಅಲ್ಲ, ಆ ಕಸಾ ಮುಟ್ಟೋ ಬ್ಯಾರೇ ಎಲ್ಲಾರಿಗೂ ಹೆಪಟೈಟಿಸ್ ಬಿ ಮತ್ತ ಧನುರ್ವಾಯು ಲಸಿಕಿ ಹಾಕಿಸೋ ಜವಾಬ್ದಾರಿ ಆಸ್ಪತ್ರಿದು. ಕಾಂಟ್ರ್ಯಾಕ್ಟ್‌ದವ್ರು ಅಂತ ಬಿಡೂಹಂಗಿಲ್ಲ. ಇನ್ನೊಂದು ಕಡೆ ಸುಪ್ರೀಂ ಕೋರ್ಟು 2022ರ ಮೇ ತಿಂಗಳದಾಗ ಕೋವಿಡ್ ಕೇಸಿನ್ಯಾಗ ಹೇಳೇತಿ, ಯಾರಿಗೂ ಜುಲುಮಿ ಮಾಡಿ ಲಸಿಕಿ ಚುಚ್ಚೂಹಂಗಿಲ್ಲ ಅಂತ. ನನಗ ಎರಡೂ ಸರಿ ಅನಿಸ್ತಾವ. ಬ್ಯಾಡ ಅನ್ನೋ ಹಕ್ಕು ಕೆಲಸಗಾರಗ ಇರಲಿ, ತಂದು ಮುಂದಿಟ್ಟು ತಿಳಿಸಿ ಹೇಳಿ ಪುಕ್ಕಟೆ ಕೊಡೋದು ಮಾಲಕರದ್ದ ಕೆಲಸ, ಅದನ್ನ ಹದಿನೈದು ಸಾವಿರ ಪಗಾರದ ಮನಿಶ್ಯಾನ ತಲಿಗೆ ಕಟ್ಟಬಾರದು. ಹೆಪಟೈಟಿಸ್ ಟೆಸ್ಟಿನ್ಯಾಗ ಪಾಸಿಟಿವ್ ಬಂದವ್ರನ್ನ ಕೆಲಸಕ್ಕ ಬ್ಯಾಡ ಅನ್ನೋದಂತೂ ಅನ್ಯಾಯ, ಅವ್ರಿಗೆ ಸರ್ಕಾರದ ಕಾರ್ಯಕ್ರಮದಾಗ ಉಚಿತ ಚಿಕಿತ್ಸೆ ಐತಿ.

ಖಾನಾವಳಿ, ಹೋಟೆಲ್, ಕ್ಯಾಂಟೀನಿಗೆ ಸೇರೋರಿಗೆ ಟೈಫಾಯ್ಡ್ ಲಸಿಕಿ, ಇದೂ ಆಹಾರ ಸುರಕ್ಷತಾ ನಿಯಮದಾಗ ಐತಿ, ದಾಖಲೆನೂ ಇಡಬೇಕು. ಪಶು ಆಸ್ಪತ್ರಿ, ನಾಯಿ ಹಿಡಿಯೋ ಕೆಲಸದವ್ರಿಗೆ ಕಚ್ಚೂಕಿಂತ ಮೊದಲ ರೇಬಿಸ್‌ದು, ಕಚ್ಚಿದ ಮ್ಯಾಲೆ ಮತ್ತ ಹಾಕಿಸ್ಕೋಬೇಕು ಅದು ಬ್ಯಾರೆ ಮಾತು. ಕಂಪ್ಯೂಟರ್ ಮುಂದ ಕೂಡ್ರೋರು ಟಿಡಿ ಒಂದು ನೋಡ್ಕೊಂಡ್ರ ನಡೀತೈತಿ, ಯಾರರ ಹತ್ತು ಸಾವಿರದ ಲಸಿಕಿ ಪ್ಯಾಕೇಜು ತೋರಿಸಿ ಅಂಜಿಸಿದ್ರ ಅಂಜಬ್ಯಾಡ್ರಿ, ನಿಮ್ಮ ಡಾಕ್ಟರ್ ಜೋಡಿ ಕುಂತು ಯಾವುದು ಯಾಕ ಅಂತ ಕೇಳ್ರಿ.

ಇಲ್ಲೆ ಒಂದು ಅಡಚಣಿ ಐತಿ, ಇದನ್ನ ಯಾರೂ ವಿಚಾರ ಮಾಡೂದಿಲ್ಲ. ಹೆಪಟೈಟಿಸ್ ಬಿ ಮೂರು ಡೋಸು, ಇವತ್ತು ಒಂದು, ತಿಂಗಳಿಗೆ ಎರಡನೇದು, ಆರನೇ ತಿಂಗಳಿಗೆ ಮೂರನೇದು. ಆಫರ್ ಲೆಟರ್ ಬಂದು ಎಂಟು ದಿನಕ್ಕ ಜಾಯಿನ್ ಆಗು ಅಂತಾರ, ಆರು ತಿಂಗಳು ಎಲ್ಲಿಂದ ತರೋದು? ಅದಕ್ಕ ನಾ ಹೇಳೋದು, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅಡ್ಮಿಶನ್ ಆದ ವಾರನ ಮೊದಲನೇ ಡೋಸು ಕಾಲೇಜಿನ್ಯಾಗ ಆಗಬೇಕು, ಪೋಸ್ಟಿಂಗಿಗೆ ವಾರ್ಡಿಗೆ ಕಳ್ಸೂದ್ರಾಗ ಎರಡರ ಆಗಿರಬೇಕು. ಮೂರೂ ಆಗಿ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ ಟೆಸ್ಟ್ (ಲಸಿಕಿ ಕೆಲಸ ಮಾಡೇತೇನು ಅಂತ ನೋಡೋ ರಕ್ತದ ಟೆಸ್ಟ್) ಮಾಡಿಸಿ ರಿಪೋರ್ಟಿನ್ಯಾಗ 10ರ ಮ್ಯಾಲೆ ಬಂತಂದ್ರ ಸಾಮಾನ್ಯವಾಗಿ ಮತ್ತ ಬೂಸ್ಟರ್ ಬೇಕಾಗೂದಿಲ್ಲ. ನಡುವ ಒಂದು ಡೋಸು ತಪ್ಪಿದ್ರ ಮೊದಲಿಂದ ಶುರು ಮಾಡೂದು ಬ್ಯಾಡ, ಬಿಟ್ಟಲ್ಲಿಂದ ಮುಂದುವರಿಸಿದ್ರ ಆತು.

ಕಾಂಟ್ರ್ಯಾಕ್ಟ್‌ದವ್ರ ಪಾಡಂತೂ ಟೆಂಡರ್ ಕಾಗದದಾಗ ಐತಿ. ಅದ್ರಾಗ ಯೂನಿಫಾರ್ಮ್ ಎಷ್ಟು, ಗ್ಲೌಸ್ ಎಷ್ಟು, ಬೂಟು ಎಷ್ಟು ಅಂತ ಬರದಿರ್ತಾರ. ಮೂರು ಡೋಸ್ ಹೆಪಟೈಟಿಸ್ ಬಿ, ಒಂದು ಟಿಡಿ, ಡೋಸ್ ಹಾಕಿಸೋ ದಿನ ಪಗಾರ ಕಟ್ ಇಲ್ಲ ಅಂತ ಅದರ ಕೆಳಗ ಇನ್ನೊಂದು ಸಾಲು ಬರೀರಿ. ನಮ್ಮ ಗುಂಪಿನ್ಯಾಗ ಆಸ್ಪತ್ರಿ ಆಡಳಿತದವ್ರು, ಯೂನಿಯನ್‌ದವ್ರು, ಕಾರ್ಪೊರೇಟರ್‌ಗಳು ಇದ್ದೀರಿ, ಮುಂದಿನ ಟೆಂಡರ್ ಕರಿಯೂದ್ರಾಗ ಇದನ್ನ ಸೇರಸ್ರಿ, ಹೆಂಗ ಬರಿಬೇಕು ಅನ್ನೋದಕ್ಕ ಲೆಕ್ಕಾ ಹಾಕಾಕ ನಾ ಬಂದು ಕುಂಡ್ರತೀನಿ.