ಟಿಪ್ಸ್ ಬೇಡ, ಟೈಮ್ ಬದಲಿಸಿ

ಇವತ್ತು ಬೆಳಿಗ್ಗೆ ಬೈಕ್ ಸಾಲ ಕೊಡುವ ನಮ್ಮ ಕಂಪನಿಯ ಹೆಡ್ ಆಫೀಸಿನಿಂದ ಒಂದು ಮೇಲ್ ಬಂತು. ವಿಷಯ: ಬೇಸಿಗೆ ಮತ್ತು ಸಿಬ್ಬಂದಿಯ ಆರೋಗ್ಯ. ಮೇಲ್ಗಡೆ ಕಲ್ಲಂಗಡಿ ಹಣ್ಣಿನ ಚಿತ್ರ. ಜಾಸ್ತಿ ನೀರು ಕುಡಿಯಿರಿ. ತೆಳು ಹತ್ತಿ ಬಟ್ಟೆ ಹಾಕಿಕೊಳ್ಳಿ. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಬಿಸಿಲಿಗೆ ಹೋಗಬೇಡಿ. ಪರವಾಗಿಲ್ಲವೇ, ನಮ್ಮ ನೆನಪು ಬಂದಿದೆಯಲ್ಲ ಎಂದುಕೊಂಡು ಕೆಳಗೆ ಓದಿದೆ. ಫೀಲ್ಡ್ ಸಿಬ್ಬಂದಿ ಮಧ್ಯಾಹ್ನ ಎರಡು ಗಂಟೆಯೊಳಗೆ ಗ್ರಾಹಕರ ಮನೆ ಮುಂದೆ ನಿಂತು ಫೋಟೋ ಹಾಕಬೇಕು, ಲೊಕೇಶನ್ ಆನ್ ಇರಬೇಕು. ಟೈ ಮತ್ತು ಶೂ ಎಂದಿನಂತೆ ಕಡ್ಡಾಯ.

ಒಂದೇ ಮೇಲ್‌ನಲ್ಲಿ ಎರಡೂ! ಬರೆದವರು ಕಳಿಸುವ ಮುಂಚೆ ತಾವೇ ಒಮ್ಮೆ ಓದಿದ್ದರೆ ನಗು ಬರುತ್ತಿತ್ತು.

ರಾಯಚೂರಿನ ಬೇಸಿಗೆ ಬಗ್ಗೆ ಹೊಸದಾಗಿ ಹೇಳುವುದೇನಿದೆ. ಇಲ್ಲಿಯವರಿಗೆ ಗೊತ್ತು, ಬೇರೆ ಊರಿನವರು ನಂಬುವುದಿಲ್ಲ. ನಮ್ಮ ಬ್ರಾಂಚ್ ಇರುವುದು ಕಟ್ಟಡದ ಕೊನೇ ಮಹಡಿ, ತಲೆ ಮೇಲೆ ಬರೀ ಸ್ಲ್ಯಾಬ್. ಹೋದ ವರ್ಷ ಫೋಟೋ ಹಾಕಿದ್ದೆ, ನೋಡಿರುತ್ತೀರಿ. ಬೆಳಗಿನಿಂದ ಕಾದ ಕಾಂಕ್ರೀಟು ಮಧ್ಯಾಹ್ನದ ಮೇಲೆ ಆ ಬಿಸಿಯನ್ನೆಲ್ಲ ಒಳಗೆ ಇಳಿಸಲು ಶುರು ಮಾಡುತ್ತದೆ. ನಾಲ್ಕು ಗಂಟೆಗೆ ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆ ಮುಟ್ಟಿದಂತೆ. ನನ್ನ ಕ್ಯಾಶ್ ಡ್ರಾಯರ್ ತಗಡಿನದು, ಅದರ ಹಿಡಿಗೆ ಕರ್ಚೀಫ್ ಸುತ್ತಿದ್ದೇನೆ. ನೋಟು ಎಣಿಸಲು ಬೆರಳಿಗೆ ನೀರು ಹಚ್ಚಿಕೊಳ್ಳುವ ಸ್ಪಂಜು ಇರುತ್ತದಲ್ಲ, ಅದು ಹನ್ನೊಂದಕ್ಕೇ ಒಣಗಿ ಹಪ್ಪಳವಾಗಿರುತ್ತದೆ. ಫ್ಯಾನ್ ಇದೆ. ಆದರೆ ಸುತ್ತಲಿನ ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾದ ಮೇಲೆ ಫ್ಯಾನ್ ತಿರುಗಿದರೆ ಝಳ ಮುಖಕ್ಕೆ ಹೊಡೆಯುತ್ತದೆ, ಅಷ್ಟೇ.

ಕೂಲರ್ ಕೂಡ ಇದೆ. ಅದರದ್ದೊಂದು ರಾಮಾಯಣ. ಮ್ಯಾನೇಜರ್ ಸಾಹೇಬರು ಪ್ರತಿದಿನ ಬಂದು ಕಿಟಕಿ ಬಾಗಿಲು ಎಲ್ಲ ಹಾಕಿ ಕೂಲರ್ ಹಚ್ಚುತ್ತಾರೆ. "ತಂಪ್ ಹೊರಗ ಹೋಗಬಾರ್ದ್ರಿ" ಅನ್ನುತ್ತಾರೆ. ಸರ್, ಇದು ಎಸಿ ಅಲ್ಲ ಸರ್. ಕೂಲರ್ ಒಳಗಿನ ಹುಲ್ಲಿನ ಮೇಲೆ ನೀರು ಇಳಿಯುತ್ತದೆ, ಒಣ ಗಾಳಿ ಅದರ ಮೂಲಕ ಬರುವಾಗ ನೀರು ಆವಿಯಾಗುತ್ತದೆ, ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಆ ಹಸಿ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೋಣೆಯೇ ಹಸಿಯಾಗುತ್ತದೆ, ಆಮೇಲೆ ಕೂಲರೂ ತಣ್ಣಗೆ ಮಾಡುವುದಿಲ್ಲ, ಮೈ ಬೆವರೂ ಆರುವುದಿಲ್ಲ. ಮಂಗಳೂರಲ್ಲಿ ಕೂಲರ್ ಯಾಕೆ ನಡೆಯುವುದಿಲ್ಲ ಅಂದರೆ ಇದಕ್ಕೇ, ಅಲ್ಲಿನ ಗಾಳಿ ಮೊದಲೇ ಹಸಿ. ನಮ್ಮದು ಒಣ ಬಿಸಿಲಿನ ಊರು, ಕೂಲರ್‌ಗೆ ಹೇಳಿ ಮಾಡಿಸಿದ ಹವಾ. ಅದನ್ನು ಕಿಟಕಿ ಹಾಕಿ ಮಂಗಳೂರು ಮಾಡುವುದು ನಮ್ಮ ಸಾಹೇಬರಿಗೇ ಸಾಧ್ಯ. ಅವರು ಕ್ಯಾಬಿನ್‌ಗೆ ಹೋದ ಕೂಡಲೇ ನಾನು ಎದುರಿನ ಕಿಟಕಿ ತೆಗೆಯುತ್ತೇನೆ. ಬಂದು ಹಾಕುತ್ತಾರೆ. ಮತ್ತೆ ತೆಗೆಯುತ್ತೇನೆ. ಮಾರ್ಚ್‌ನಿಂದ ಇದೇ ನಡೆದಿದೆ.

ಕರೆಂಟ್ ಹೋದರೆ ಇದೂ ಇಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದ ಸಾಮರ್ಥ್ಯ 1720 ಮೆಗಾವಾಟ್, 1985ರಿಂದ ರಾಜ್ಯಕ್ಕೆಲ್ಲ ಇಲ್ಲಿಂದ ಕರೆಂಟ್ ಹೋಗುತ್ತಿದೆ. ಅದರ ಚಿಮಣಿ ನೋಡಿಕೊಂಡು ನಾವು ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತೇವೆ. ಇರಲಿ, ಅದು ಬೇರೆ ದಿನದ ಜಗಳ.

ನನ್ನ ಜಗಳ ಇವತ್ತು ಟೈಮಿನದು.

ಮನೆಯವರು ಸರ್ಕಾರಿ ನೌಕರರು ಅಂತ ನಿಮಗೆ ಗೊತ್ತು. ಕಲಬುರಗಿ ವಿಭಾಗದ ಏಳು ಜಿಲ್ಲೆ ಮತ್ತು ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಯ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬೇಸಿಗೆ ಬಂತೆಂದರೆ ಆದೇಶ ಬರುತ್ತದೆ. ಅಂದರೆ ಈ ಜಿಲ್ಲೆಗಳಲ್ಲಿ ಮಧ್ಯಾಹ್ನದ ಮೇಲೆ ಕೆಲಸ ಮಾಡಿಸುವುದು ಸರಿಯಲ್ಲ ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಒಪ್ಪಿಕೊಂಡಿರುವುದು ತನ್ನ ನೌಕರರಿಗೆ ಮಾತ್ರ. ಅದೇ ರಸ್ತೆಯಲ್ಲಿ, ಅದೇ ಬಿಸಿಲಲ್ಲಿ, ಬಟ್ಟೆ ಅಂಗಡಿಯ ಹುಡುಗಿಯರು, ಮೆಡಿಕಲ್ ರೆಪ್‌ಗಳು, ಕೊರಿಯರ್ ಹುಡುಗರು, ಎಟಿಎಂ ಮುಂದಿನ ಸೆಕ್ಯೂರಿಟಿ ಅಜ್ಜ, ನಾವು? ನಮ್ಮ ಮೈ ಬೇರೆ ಮಣ್ಣಿನದಾ?

ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನಿದೆ. ನಾನು ಸಂಜೆ ಆರೂವರೆಗೆ ಮನೆಗೆ ಹೋದಾಗ ಆ ಮನುಷ್ಯ ಊಟ ಮಾಡಿ, ಕೂಲರ್ ಮುಂದೆ ನಿದ್ದೆ ಮುಗಿಸಿ, ಮುಖ ತೊಳೆದು, ಬನಿಯನ್ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾರೆ. "ಯಾಕ, ಭಾಳ ಸುಸ್ತಾಗಿದ್ದಂಗ ಕಾಣ್ತಿ" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಕೆಲವು ಸಲ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಈಗ ಆ ಮೇಲ್‌ನ ಸಲಹೆಗಳಿಗೆ ಬರೋಣ. ಜಾಸ್ತಿ ನೀರು ಕುಡಿಯಿರಿ. ಕುಡಿಯೋಣ ಸ್ವಾಮಿ, ಆಮೇಲೆ? ನಮ್ಮ ಮಹಡಿಯಲ್ಲಿ ಹೆಂಗಸರಿಗೆ ಟಾಯ್ಲೆಟ್ ಇಲ್ಲ. ಕೆಳಗಿನ ಮಹಡಿಯಲ್ಲಿದೆ, ಅದರ ಕೀಲಿ ಮೊಬೈಲ್ ಅಂಗಡಿಯವನ ಹತ್ತಿರ. ಪ್ರತಿ ಸಲ ಗಂಡಸರ ಮಧ್ಯೆ ಹೋಗಿ ಕೀಲಿ ಕೇಳಬೇಕು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ, ಅದೂ ಬಂದರೆ. ಹಾಗಾಗಿ ನಾವು ಹೆಂಗಸರು ಏನು ಮಾಡುತ್ತೇವೆ? ನೀರೇ ಕುಡಿಯುವುದಿಲ್ಲ. ಬಾಟಲಿ ತುಂಬಿ ತರುತ್ತೇವೆ, ಅರ್ಧ ಹಾಗೇ ವಾಪಸ್ ಒಯ್ಯುತ್ತೇವೆ. ಉರಿಮೂತ್ರ, ಕಿಡ್ನಿ ಕಲ್ಲು, ತಲೆನೋವು, ಎಲ್ಲವೂ ಇಲ್ಲಿಂದಲೇ ಬರುವುದು. ಇದನ್ನು ಬಟ್ಟೆ ಅಂಗಡಿಯ ಹುಡುಗಿಯರನ್ನು ಕೇಳಿ, ಪೆಟ್ರೋಲ್ ಬಂಕಿನ ಹುಡುಗಿಯರನ್ನು ಕೇಳಿ, ಇದೇ ಉತ್ತರ ಬರುತ್ತದೆ. ಸಲಹೆ ಪಟ್ಟಿಯಲ್ಲಿ "ಟಾಯ್ಲೆಟ್ ಕೀಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ" ಅಂತ ಒಂದು ಸಾಲು ಇದ್ದಿದ್ದರೆ ಆ ಮೇಲ್‌ಗೆ ನಾನೇ ಕುಂಕುಮ ಹಚ್ಚುತ್ತಿದ್ದೆ.

1948ರ ಕಾರ್ಖಾನೆ ಕಾಯ್ದೆಯಲ್ಲೇ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕು ಅಂತ ಬರೆದಿದ್ದರು. ಆಗಿನವರಿಗೆ ಹೊಳೆದದ್ದು. ಆದರೆ ಅದು ದೊಡ್ಡ ಕಾರ್ಖಾನೆ. ನಮ್ಮಂಥ ಮಹಡಿ ಮೇಲಿನ ಸಣ್ಣ ಆಫೀಸಿಗೆ ನೀರಿನ ಕ್ಯಾನ್, ಅದೂ ಬಿಸಿಲು ಬೀಳುವ ಕಿಟಕಿಯ ಪಕ್ಕ. ಕೊನೆಗೆ ನಾವೇ ದುಡ್ಡು ಹಾಕಿ ನಳ ಇರುವ ಒಂದು ಮಣ್ಣಿನ ಗಡಿಗೆ ತಂದೆವು. ಅದಕ್ಕೂ ಸಾಹೇಬರ ತಕರಾರು, ಆಫೀಸಿನ ಲುಕ್ ಹಾಳಾಗುತ್ತದಂತೆ. ಈಗ ಆ ಗಡಿಗೆಯ ನೀರನ್ನು ಎಲ್ಲರಿಗಿಂತ ಜಾಸ್ತಿ ಕುಡಿಯುವವರು ಅವರೇ.

ನಾನಾದರೂ ನೆರಳಲ್ಲಿ ಕೂತಿರುತ್ತೇನೆ. ಫೀಲ್ಡ್ ಹುಡುಗರ ಪಾಡು ನೋಡಬೇಕು. ಬೈಕ್ ಸಾಲದ ಕಂತು ವಸೂಲಿಗೆ ದೇವದುರ್ಗ ರೋಡ್, ಮಾನ್ವಿ ರೋಡ್ ಕಡೆ ಹೋಗುತ್ತಾರೆ. ತಲೆ ಮೇಲೆ ಹೆಲ್ಮೆಟ್, ಕುತ್ತಿಗೆಗೆ ಟೈ, ಕೆಳಗೆ ಡಾಂಬರು. ಕಪ್ಪು ಕೋಟಿಲ್ಲದೆ ಕೋರ್ಟಿಗೆ ಕಾಲಿಡದ ವಕೀಲರಿಗೇ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕೋರ್ಟುಗಳಲ್ಲಿ ಕೋಟು ಕಡ್ಡಾಯವಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಕಂತು ಕೇಳಲು ಹೋಗುವ ಹುಡುಗನಿಗೆ ಟೈ ಬೇಕಂತೆ. ಟೈ ನೋಡಿ ಯಾರಾದರೂ ಕಂತು ಕಟ್ಟಿದ್ದುಂಟಾ?

ಹೋದ ವಾರ ಅವರಲ್ಲೊಬ್ಬ ಮಧ್ಯಾಹ್ನ ವಾಪಸ್ ಬಂದವನು ಮೆಟ್ಟಿಲಲ್ಲೇ ಕೂತುಬಿಟ್ಟ. ಮಾತಾಡಿಸಿದರೆ ತೊದಲುತ್ತಿದ್ದ. ಕಾಲಿನ ಮೀನಖಂಡ ಹಿಡಿದುಕೊಂಡು ಒದ್ದಾಡುತ್ತಿದ್ದ. ನಮ್ಮ ಆಫೀಸ್ ಬಾಯ್ ಅಣ್ಣ ಜೇಬಲ್ಲಿ ಸದಾ ಒಂದು ಉಳ್ಳಾಗಡ್ಡಿ ಇಟ್ಟುಕೊಂಡಿರುತ್ತಾರೆ, ಬಿಸಿಲು ಬಡಿಯುವುದಿಲ್ಲ ಅಂತ. ಅವರು ಅದನ್ನು ಒಡೆದು ಮೂಗಿಗೆ ಹಿಡಿಯಲು ಹೋದರು. ನಾನು ಟೈ ಬಿಚ್ಚಿ, ಶೂ ತೆಗೆಸಿ, ಕುತ್ತಿಗೆ, ಕಂಕುಳಿಗೆ ಹಸಿ ಬಟ್ಟೆ ಇಟ್ಟೆ. ಮಾತು ಸ್ವಲ್ಪ ಸರಿಯಾದ ಮೇಲೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿದೆವು. ಆಟೋ ಹತ್ತಿಸಿ ಆಸ್ಪತ್ರೆಗೂ ಕರೆದುಕೊಂಡು ಹೋದರು. ಸಲೈನ್ ಹಚ್ಚಿ ಸಂಜೆ ಬಿಟ್ಟರು. ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಬಿಸಿಲಲ್ಲಿ ಮಾತು ತೊದಲಿದರೆ ಅದು ಸುಸ್ತಲ್ಲ, ಜೀವಕ್ಕೇ ಬಂದದ್ದು, ದಯವಿಟ್ಟು ನೆನಪಿಡಿ. ಅವನು ಆಸ್ಪತ್ರೆಯಲ್ಲಿದ್ದಾಗ ಅವನ ಫೋನಿಗೆ ಬಂದ ಮೆಸೇಜ್ ಏನು ಗೊತ್ತಾ? ಎರಡು ಗಂಟೆಯ ಫೋಟೋ ಇನ್ನೂ ಅಪ್‌ಲೋಡ್ ಆಗಿಲ್ಲ.

ಅದಕ್ಕೇ ಹೇಳುವುದು, ಟಿಪ್ಸ್ ಬೇಡ, ಟೈಮ್ ಬದಲಿಸಿ. ನಮಗೆ ಕಲ್ಲಂಗಡಿ ಚಿತ್ರ ಬೇಡ.

ಇದನ್ನು ಹೇಳಿದರೆ ಎರಡು ಮಾತು ಬರುತ್ತವೆ. ಒಂದು, ನಮ್ಮ ಹಿರಿಯರು ಇದೇ ಬಿಸಿಲಲ್ಲಿ ದುಡಿದಿಲ್ವಾ, ಈಗಿನವರು ನಾಜೂಕಾಗಿದ್ದಾರೆ ಅಂತ. ಬಿಸಿಲು ಹೊಸದಲ್ಲ, ಒಪ್ಪಿದೆ. 1928ರ ಮೇ ತಿಂಗಳಲ್ಲೇ ರಾಯಚೂರಲ್ಲಿ 45.6 ಡಿಗ್ರಿ ದಾಖಲಾಗಿತ್ತು. ಆದರೆ ಹಿರಿಯರು ಆ ಬಿಸಿಲಲ್ಲಿ ಯಾವಾಗ ದುಡಿದರು? ನಮ್ಮ ಅಜ್ಜ ಕೋಳಿ ಕೂಗುವಾಗ ಹೊಲಕ್ಕೆ ಹೋಗುತ್ತಿದ್ದರು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಎತ್ತು ಬಿಚ್ಚಿ, ಬೇವಿನ ಮರದ ಕೆಳಗೆ ರೊಟ್ಟಿ ತಿಂದು, ಮುಖದ ಮೇಲೆ ವಸ್ತ್ರ ಹಾಕಿಕೊಂಡು ಮಲಗುತ್ತಿದ್ದರು. ಮತ್ತೆ ಎದ್ದು ಹೊಲಕ್ಕಿಳಿದರೆ ಬಿಸಿಲು ಇಳಿದ ಮೇಲೆಯೇ. ಈಗಲೂ ಕೂಲಿಯವರು ನಸುಕಿನಲ್ಲೇ ಹೋಗಿ ಬಿಸಿಲೇರುವುದರೊಳಗೆ ಮನೆ ಸೇರುತ್ತಾರೆ. ನರೇಗಾದಲ್ಲೂ ನಮ್ಮ ಕಡೆ ಬೇಸಿಗೆಗೆ ಕೆಲಸದ ಅಳತೆಯಲ್ಲೇ ರಿಯಾಯಿತಿ ಕೊಟ್ಟಿದ್ದುಂಟು. ಹತ್ತಕ್ಕೆ ಶುರು, ಆರಕ್ಕೆ ಮುಕ್ತಾಯ ಅನ್ನುವುದು ನಮ್ಮ ಊರಿನ ಗಡಿಯಾರವೇ ಅಲ್ಲ. ಯಾರದ್ದೋ ತಂಪು ಊರಿನದ್ದನ್ನು ತಂದು ನಮ್ಮ ಗೋಡೆಗೆ ನೇತುಹಾಕಿದ್ದಾರೆ.

ಎರಡನೆಯದು ಸಾಹೇಬರ ಮಾತು. "ಮೇಡಂ, ಗ್ರಾಹಕರು ಮಧ್ಯಾಹ್ನ ಅಷ್ಟೇ ಮನ್ಯಾಗ ಸಿಗ್ತಾರ್ರಿ." ಅದು ನಿಜ. ಯಾಕೆ ಸಿಗುತ್ತಾರೆ ಸರ್? ಬಿಸಿಲಿಗೆ ಹೆದರಿ ಒಳಗೆ ಕೂತಿರುತ್ತಾರೆ ಅದಕ್ಕೆ! ಅವರಿಗಿರುವ ಬುದ್ಧಿ ನಮಗಿಲ್ಲ ಅಂತ ಅಷ್ಟೇ ಅರ್ಥ. ಬೆಳಿಗ್ಗೆ ಆರಕ್ಕೆ ಹೋದರೆ ಚಹಾ ಅಂಗಡಿ ಮುಂದೆ ಸಿಗುತ್ತಾರೆ, ಸಂಜೆ ಏಳಕ್ಕೆ ಹೋದರೆ ಕಟ್ಟೆ ಮೇಲೆ ಸಿಗುತ್ತಾರೆ. ಇನ್ನು ಬ್ರಾಂಚಿಗೆ ಬರುವವರ ವಿಷಯ. ಮೇ ತಿಂಗಳಲ್ಲಿ ಒಂದರಿಂದ ನಾಲ್ಕರ ತನಕ ನನ್ನ ಕೌಂಟರಿಗೆ ನೊಣ ಕೂಡ ಬರುವುದಿಲ್ಲ. ಬಜಾರ್ ರಸ್ತೆಯಲ್ಲೇ ಜನ ಇರುವುದಿಲ್ಲ. ಯಾರಿಗಾಗಿ ಕೂತಿದ್ದೇವೆ?

ಹೊರಗೆ ನೋಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಕತಾರ್‌ನಲ್ಲಿ 2021ರಿಂದ ಬೇಸಿಗೆಯಲ್ಲಿ 10ರಿಂದ 3.30ರ ತನಕ ಬಂದ್. ಅಷ್ಟು ದೂರ ಯಾಕೆ, ಕೇರಳದಲ್ಲಿ ಕಾರ್ಮಿಕ ಇಲಾಖೆ ಬಿಸಿಲಲ್ಲಿ ಕೆಲಸ ಮಾಡುವವರಿಗೆ 12ರಿಂದ 3ರ ತನಕ ವಿಶ್ರಾಂತಿ ಕೊಡಿಸುತ್ತದೆ. ಅಲ್ಲೆಲ್ಲ ಪೂರ್ತಿ ಪಾಲಿಸುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ನಿಯಮವಾದರೂ ಇದೆ, ತೋರಿಸಿ ಜಗಳ ಆಡಬಹುದು. ನಮ್ಮ ಕೈಯಲ್ಲಿ ಏನಿದೆ, ಒಂದು ಮೇಲ್.

ಬೆಂಗಳೂರಿನ ಸ್ನೇಹಿತರು ಬೇಜಾರಾಗಬೇಡಿ. ನಿಮಗೂ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು, ಆಗ ನೀವೆಲ್ಲ ಏನೇನು ಬರೆದಿದ್ದಿರಿ ಅಂತ ನನಗೆ ನೆನಪಿದೆ. ನಮ್ಮಲ್ಲಿ 39 ಆದ ದಿನ ಜನ ಹೊದಿಕೆ ಹುಡುಕುತ್ತಾರೆ.

ಬೇಸಿಗೆಯಲ್ಲಿ ಬ್ರಾಂಚ್ ಬೆಳಿಗ್ಗೆ ಏಳಕ್ಕೇ ತೆರೆಯಲಿ ಅಂತ ನಾನು ಹೇಳಿದಾಗ ನಮ್ಮ ಪಕ್ಕದ ಟೇಬಲ್ಲಿನ ಅಕ್ಕ ಮಾತ್ರ ಒಂದು ಸರಿಯಾದ ಪ್ರಶ್ನೆ ಕೇಳಿದರು. "ಏಳಕ್ಕ ಆಫೀಸ್ ಅಂದ್ರ ಮನ್ಯಾಗ ರೊಟ್ಟಿ ಯಾರ್ ಬಡೀಬೇಕವಾ?" ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಈಗಲೇ ಐದಕ್ಕೆ ಏಳುತ್ತೇವೆ, ಆಮೇಲೆ ನಾಲ್ಕಕ್ಕೆ ಏಳಬೇಕಾದೀತು. ಟೈಮ್ ಬದಲಾದರೆ ಅದರ ಭಾರ ಮತ್ತೆ ಹೆಂಗಸರ ತಲೆ ಮೇಲೆ ಬೀಳುತ್ತದೆ ಅನ್ನುವುದು ಸುಳ್ಳಲ್ಲ. ಆದರೂ ಕಾದ ಸ್ಲ್ಯಾಬ್ ಕೆಳಗೆ ಇಡೀ ಮಧ್ಯಾಹ್ನ ಬೇಯುವುದಕ್ಕಿಂತ ಅದು ಮೇಲು ಅಂತ ನನ್ನ ಲೆಕ್ಕ. ಅಕ್ಕನ ಲೆಕ್ಕ ಬೇರೆ ಇದೆ, ಅವರ ಮನೆಯಲ್ಲಿ ಅತ್ತೆ ಮಾವ ಇದ್ದಾರೆ. ನಮ್ಮ ಮನೆಯಲ್ಲಂತೂ ಒಂದೂವರೆಗೇ ಬರುವ ಒಬ್ಬರಿದ್ದಾರೆ, ರಾತ್ರಿಯ ಅಡುಗೆ ಅವರದ್ದು ಅಂತ ನಿನ್ನೆಯೇ ಆದೇಶ ಹೊರಡಿಸಿದ್ದೇನೆ. ಏಪ್ರಿಲ್, ಮೇ ಮಾತ್ರವಾ ಅಂತ ಕೇಳಿದರು. ಸದ್ಯಕ್ಕೆ ಅಷ್ಟೇ ಅಂದೆ.

ಮೇಲ್‌ಗೆ ಉತ್ತರ ಬರೆದಾಗಿದೆ. ಎರಡು ತಿಂಗಳು ಬ್ರಾಂಚ್ ಏಳರಿಂದ ಹನ್ನೆರಡೂವರೆ, ಫೀಲ್ಡ್ ಬೆಳಿಗ್ಗೆ ಮತ್ತು ಸಂಜೆ, ಟೈ ಬೇಡ, ಟಾಯ್ಲೆಟ್ ಕೀಲಿ ನಮ್ಮ ಮಹಡಿಗೇ ಬೇಕು. ನನ್ನ ಜೊತೆ ಇನ್ನೂ ಕೆಲವರು ಸಹಿ ಹಾಕಿದ್ದಾರೆ, ಉಳಿದವರು "ನೋಡೋಣ್ರಿ" ಅಂದಿದ್ದಾರೆ.

ಪ್ರೈವೇಟ್‌ನಲ್ಲಿ ಇರುವವರು ಹೇಳಿ, ನಿಮ್ಮ ಕಡೆ ಯಾರಾದರೂ ಬೇಸಿಗೆಗೆ ಟೈಮ್ ಬದಲಿಸಿದ್ದಾರಾ? ಇದ್ದರೆ ಊರು, ಕೆಲಸದ ವೇಳೆ ಕಾಮೆಂಟ್‌ನಲ್ಲಿ ಬರೆಯಿರಿ, ಆ ಮೇಲ್ ಜೊತೆ ಸೇರಿಸುತ್ತೇನೆ. "ಎಸಿ ಹಾಕಿಸಿ ಮೇಡಂ" ಅನ್ನುವವರು ಬಿಲ್ ನೀವೇ ಕಟ್ಟುವುದಾದರೆ ಮಾತ್ರ ಬರೆಯಿರಿ.