ಉಮ್ನೊ, ಇತ್ಯಾದಿ

ಕಳೆದ ಭಾನುವಾರ ನಮ್ಮ ಬಡಾವಣೆಯ ಹಿರಿಯರ ಕೂಟದಲ್ಲಿ, ನಾನು ಬಹಳ ಗೌರವಿಸುವ ಹಿರಿಯರೊಬ್ಬರು ಮಲೇಷ್ಯಾದ ಮಾಜಿ ಪ್ರಧಾನಿ ಮಹಾತಿರ್ ಮೊಹಮ್ಮದ್ ಅವರ ಕುರಿತು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟರು. ಪರದೆಯ ಮೇಲೆ ಮೂಡಿದ ಎರಡನೆಯ ಸ್ಲೈಡಿನಲ್ಲಿ ಹುಟ್ಟಿದ ಊರು ಆಲೋರ್ ಸೆತಾರ್, ಹುಟ್ಟಿದ ವರ್ಷ 1925, ವೃತ್ತಿ ವೈದ್ಯ, ಪ್ರಧಾನಿಯಾದದ್ದು ಎರಡು ಬಾರಿ ಎಂದೆಲ್ಲ ಸರಿಯಾಗಿಯೇ ಇತ್ತು. ‘ಪಕ್ಷ’ ಎಂಬ ಸಾಲಿನ ಎದುರಿಗೆ ಮಾತ್ರ ‘ಉಮ್ನೊ, ಇತ್ಯಾದಿ’ ಎಂದು ಬರೆದಿತ್ತು. ಉಮ್ನೊ ಎಂದರೆ ಆ ದೇಶವನ್ನು ದಶಕಗಳ ಕಾಲ ಆಳಿದ ಮಲಯರ ಪಕ್ಷ. ನನ್ನ ಬಿ.ಪಿ. ಏರಿದ್ದು ಆ ‘ಇತ್ಯಾದಿ’ಯಿಂದ. ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೂ ಅದು ಇಳಿಯದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ನಾನು ಕಳೆದ ಹನ್ನೊಂದು ವರ್ಷಗಳ ಕಥೆಯನ್ನು ನಿಮ್ಮಲ್ಲಿ ಬಹುತೇಕರು ಬೇಸರ ಬರುವಷ್ಟು ಕೇಳಿದ್ದೀರಿ. ರಬ್ಬರ್ ಕೈಗವಸಿನ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡುತ್ತಿದ್ದ ನನಗೆ ಅಲ್ಲಿ ಮತವಿರಲಿಲ್ಲ, ಹಾಗಾಗಿ ರಾಜಕೀಯವನ್ನು ನೋಡಲು ಬೇಕಾದಷ್ಟು ಬಿಡುವಿತ್ತು. ಪಕ್ಷದಿಂದ ಪಕ್ಷಕ್ಕೆ ಹಾರುವ ಜನಪ್ರತಿನಿಧಿಗೆ ಆ ದೇಶದಲ್ಲಿ ‘ಕಟಾಕ್’ ಎನ್ನುತ್ತಾರೆ. ಹಾಗೆಂದರೆ ಕಪ್ಪೆ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವ ಕಷ್ಟ ಎಂಥದೆಂದು ಬಲ್ಲ, ರೆಸಾರ್ಟ್ ಎಂಬ ಶಬ್ದಕ್ಕೆ ಹೊಸದೊಂದು ಅರ್ಥವನ್ನೇ ಕೊಟ್ಟ ನಾಡಿನಿಂದ ಹೋದ ನನಗೆ ಆ ಪದ ಅರ್ಥವಾಗಲು ಅರೆಗಳಿಗೆಯೂ ಬೇಕಾಗಲಿಲ್ಲ. ಅರ್ಥವಾಗದೆ ಉಳಿದದ್ದು ಬೇರೆಯೇ ಒಂದು ಸಂಗತಿ. ಹೆಸರಿಲ್ಲದ ಶಾಸಕ ಹಾರಿದರೆ ಕಪ್ಪೆಯಾಗುತ್ತಾನೆ. ಮಹಾತಿರ್ ಹಾರಿದರೆ ಅದು ರಾಜನೀತಿಯಾಗುತ್ತದೆ, ‘ಇತ್ಯಾದಿ’ಯಾಗುತ್ತದೆ. ಇದು ಹೇಗೆ?

ಆ ‘ಇತ್ಯಾದಿ’ಯನ್ನು ಸ್ವಲ್ಪ ಬಿಡಿಸಿ ನೋಡೋಣ. 1969ರಲ್ಲಿ ಮಹಾತಿರ್ ತಮ್ಮ ಸಂಸತ್ ಸ್ಥಾನವನ್ನು ಪಾಸ್ ಎಂಬ ಇಸ್ಲಾಮಿಕ್ ಪಕ್ಷದ ಅಭ್ಯರ್ಥಿಗೆ ಸೋತರು. ಮೇ 13ರ ಜನಾಂಗೀಯ ಗಲಭೆಯ ಬಳಿಕ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಅವರಿಗೆ ಕಟುವಾದ ಪತ್ರವೊಂದನ್ನು ಬರೆದರು, ಆ ಪತ್ರ ಊರೆಲ್ಲ ಹರಡಿತು, ಉಮ್ನೊ ಅವರನ್ನು ಉಚ್ಚಾಟಿಸಿತು. ಇದನ್ನು ನಾನು ಹಾರಾಟವೆಂದು ಲೆಕ್ಕ ಹಿಡಿಯುವುದಿಲ್ಲ, ಹೊರಗೆ ದಬ್ಬಿಸಿಕೊಂಡವನು ಹಾರಿದ ಎನ್ನುವುದು ಅನ್ಯಾಯ. 1972ರಲ್ಲಿ ಮರಳಿ ಸೇರಿದರು, 1974ರಲ್ಲಿ ಶಿಕ್ಷಣ ಸಚಿವರಾದರು, 1976ರಲ್ಲಿ ಉಪಪ್ರಧಾನಿ, 1981ರ ಜುಲೈ 16ರಂದು ಪ್ರಧಾನಿ. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರು ಆರಂಭವಾಗುವುದು 1987ರಿಂದ. ಆ ವರ್ಷ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ತೆಂಕು ರಜಾಲಿ ಹಂಜಾ ಸ್ಪರ್ಧಿಸಿದಾಗ ಮಹಾತಿರ್ 761 ಮತ ಪಡೆದರು, ಎದುರಾಳಿಗೆ 718 ಬಂತು. ಕೇವಲ 43 ಮತಗಳ ಅಂತರ. ಸೋತವರ ಕಡೆಯವರು ನ್ಯಾಯಾಲಯಕ್ಕೆ ಹೋದರು. ನೋಂದಣಿಯಿಲ್ಲದ ಶಾಖೆಗಳಿಂದ ಪ್ರತಿನಿಧಿಗಳು ಬಂದಿದ್ದರು ಎಂಬ ಕಾರಣಕ್ಕೆ 1988ರ ಫೆಬ್ರುವರಿ 4ರಂದು ಹೈಕೋರ್ಟು ಉಮ್ನೊ ಪಕ್ಷವೇ ಕಾನೂನುಬಾಹಿರವೆಂದು ತೀರ್ಪಿತ್ತಿತು. ಸ್ವಾತಂತ್ರ್ಯ ತಂದ ಪಕ್ಷ ಒಂದು ಮಧ್ಯಾಹ್ನ ಕಾಗದದ ಮೇಲೆ ಇಲ್ಲವಾಯಿತು. ಮಹಾತಿರ್ ಏನು ಮಾಡಿದರು? ‘ಉಮ್ನೊ ಬಾರು’, ಅಂದರೆ ಹೊಸ ಉಮ್ನೊ ಎಂಬ ಪಕ್ಷವನ್ನು ನೋಂದಾಯಿಸಿ, ತಮಗೆ ಬೇಕಾದವರಿಗೆ ಬಾಗಿಲು ತೆರೆದು, ಬೇಡದವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿದರು. ಉಳಿದವರೆಲ್ಲ ಪಕ್ಷವನ್ನು ಬಿಟ್ಟು ಹಾರಿದರೆ ಇವರು ಕೂತ ಜಾಗದಿಂದ ಏಳದೆಯೇ ಕೆಳಗಿನ ಪಕ್ಷವನ್ನು ಬದಲಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯಸ್ಥ ಸಾಲೆ ಅಬ್ಬಾಸ್ ಅವರನ್ನು ಪದಚ್ಯುತಗೊಳಿಸಲಾಯಿತು. ಉಪನ್ಯಾಸದಲ್ಲಿ ಪೆಟ್ರೊನಾಸ್ ಅವಳಿ ಗೋಪುರಗಳಿಗೆ ಮೂರು ಸ್ಲೈಡುಗಳಿದ್ದವು. 1988ಕ್ಕೆ ಒಂದೂ ಇರಲಿಲ್ಲ.

ಹೊಸ್ತಿಲ ಹೊರಗೆ ಉಳಿದ ರಜಾಲಿಯವರು ‘ಸೆಮಾಂಗಾತ್ 46’ ಎಂಬ ಪಕ್ಷ ಕಟ್ಟಿ, ಪಾಸ್ ಜೊತೆಗೂಡಿ 1990ರಲ್ಲಿ ಕೆಲಾಂತಾನ್ ರಾಜ್ಯವನ್ನು ಗೆದ್ದರು. ಗೆದ್ದ ಮೇಲೆ ತಮ್ಮ ಶಾಸಕರು ಹಾರದಿರಲೆಂದು, ಪಕ್ಷ ಬಿಟ್ಟವರು ಸ್ಥಾನ ಕಳೆದುಕೊಳ್ಳಬೇಕು ಎಂಬ ನಿಯಮವನ್ನು ಆ ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಇಬ್ಬರು ಶಾಸಕರು ಹಾರಿಯೇ ಹಾರಿದರು, ಮತ್ತು ಹೋಗಿ ಸೇರಿದ್ದು ಉಮ್ನೊವನ್ನು. ಸಂಘ ಕಟ್ಟುವ ಮೂಲಭೂತ ಸ್ವಾತಂತ್ರ್ಯಕ್ಕೆ ಈ ನಿಯಮ ವಿರುದ್ಧವೆಂದು 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಎರಡು ವರ್ಷಗಳ ಬಳಿಕ ಸಬಾ ರಾಜ್ಯದಲ್ಲಿ ಪಿ.ಬಿ.ಎಸ್. ಎಂಬ ಸ್ಥಳೀಯ ಪಕ್ಷ 48ರಲ್ಲಿ 25 ಸ್ಥಾನ ಗೆದ್ದಿತು. ಅದರ ನಾಯಕ ಪೈರಿನ್ ಕಿತಿಂಗಾನ್ ಪ್ರಮಾಣವಚನಕ್ಕಾಗಿ ರಾಜ್ಯಪಾಲರ ಅರಮನೆಯ ಗೇಟಿನ ಹೊರಗೆ ಕಾರಿನಲ್ಲೇ ಕಾದರು. ಅಂತೂ ಕುರ್ಚಿ ಸಿಕ್ಕಿದ ಕೆಲವೇ ವಾರಗಳಲ್ಲಿ ಅವರ ಶಾಸಕರು ಒಬ್ಬರ ಹಿಂದೆ ಒಬ್ಬರಂತೆ ಆಚೆ ದಡ ಸೇರಿ ಸರ್ಕಾರ ಬಿತ್ತು. ಆಚೆ ದಡದಲ್ಲಿದ್ದ, ಉಮ್ನೊ ನೇತೃತ್ವದ ಒಕ್ಕೂಟದ ಯಜಮಾನರು ಯಾರೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ನನ್ನ ಸಿಟ್ಟಿನ ಬೇರು ಇರುವುದು ಇಲ್ಲಿ. ತಮ್ಮ ಕಡೆಗೆ ಹಾರುವ ಕಪ್ಪೆ ಅವರಿಗೆ ಎಂದೂ ಕಪ್ಪೆಯಾಗಿ ಕಾಣಿಸಲಿಲ್ಲ.

ಮುಂದಿನ ಹಾರಾಟಗಳನ್ನು ಬೇಗ ಹೇಳಿಬಿಡುತ್ತೇನೆ. ತಾವೇ ಉತ್ತರಾಧಿಕಾರಿಯಾಗಿ ಆರಿಸಿ 2003ರಲ್ಲಿ ಕುರ್ಚಿ ಬಿಟ್ಟುಕೊಟ್ಟ ಅಬ್ದುಲ್ಲಾ ಬದಾವಿಯವರ ಮೇಲೆ ಮುನಿದು 2008ರ ಮೇ ತಿಂಗಳಲ್ಲಿ ಉಮ್ನೊ ತೊರೆದರು. ಬದಾವಿಯವರು ಇಳಿದು ನಜೀಬ್ ರಜಾಕ್ ಪ್ರಧಾನಿಯಾದ 2009ರ ಏಪ್ರಿಲ್‌ನಲ್ಲಿ ಮರಳಿ ಸೇರಿದರು. ಅದೇ ನಜೀಬರ ಮೇಲೆ ಮುನಿದು 2016ರ ಫೆಬ್ರುವರಿ 29ರಂದು ಮತ್ತೆ ತೊರೆದರು. ಅದಕ್ಕೂ ಮೊದಲು, 1998ರ ಸೆಪ್ಟೆಂಬರ್‌ನಲ್ಲಿ, ತಾವೇ ಬೆಳೆಸಿದ ಉಪಪ್ರಧಾನಿ ಅನ್ವರ್ ಇಬ್ರಾಹಿಂ ಅವರನ್ನು ವಜಾ ಮಾಡಿದ್ದರು. ಮೂವರನ್ನೂ ಎತ್ತರಕ್ಕೇರಿಸಿದ್ದು ಅವರೇ, ಮೂವರಿಂದಲೂ ಮೋಸಹೋದೆನೆಂದು ಹೇಳಿದ್ದೂ ಅವರೇ. ನನ್ನ ಕಾರ್ಖಾನೆಯಲ್ಲಿ ಒಬ್ಬ ಮ್ಯಾನೇಜರು ಸಾಲಾಗಿ ಮೂರು ಬಾರಿ ತಪ್ಪು ಆಳನ್ನು ಆರಿಸಿದ್ದರೆ ನಾಲ್ಕನೆಯ ಸಂದರ್ಶನಕ್ಕೆ ಅವನನ್ನು ಕೂರಿಸುತ್ತಿರಲಿಲ್ಲ.

ಈಗ ನೀವು ಹೇಳಲಿರುವ ಮಾತು ನನಗೆ ಗೊತ್ತು. ಭಾನುವಾರ ಆ ಹಿರಿಯರೂ ಅದನ್ನೇ ಹೇಳಿದರು. ಮಹಾತಿರ್ ಹಣಕ್ಕಾಗಿ ಹಾರಲಿಲ್ಲ, ಸಚಿವಗಿರಿಗಾಗಿ ಹಾರಲಿಲ್ಲ, ನಜೀಬರ ಕಾಲದಲ್ಲಿ 1ಎಂಡಿಬಿ ಎಂಬ ಸರ್ಕಾರಿ ಹೂಡಿಕೆ ನಿಧಿಯಿಂದ 450 ಕೋಟಿ ಡಾಲರ್ ದುರುಪಯೋಗವಾಯಿತೆಂದು ಅಮೆರಿಕದ ನ್ಯಾಯ ಇಲಾಖೆಯೇ ಆರೋಪಿಸಿದ ಹಗರಣದ ವಿರುದ್ಧ ತೊಂಬತ್ತರ ವಯಸ್ಸಿನಲ್ಲಿ ಮನೆಯಲ್ಲಿ ಕೂರದೆ ಬೀದಿಗಿಳಿದರು, ಅವರು ಪಕ್ಷ ಬಿಡಲಿಲ್ಲ, ಪಕ್ಷವೇ ಅವರನ್ನು ಬಿಟ್ಟಿತು. ಮೊದಲಿನ ಮೂರು ಮಾತುಗಳನ್ನು ಒಪ್ಪುತ್ತೇನೆ. ಕೊನೆಯದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಅಧ್ಯಕ್ಷನನ್ನು ಯಾರೂ ಪ್ರಶ್ನಿಸಲಾಗದ ಪಕ್ಷ ನಜೀಬರಿಗೆ ಆಕಾಶದಿಂದ ಇಳಿದು ಬರಲಿಲ್ಲ. ಇಪ್ಪತ್ತೆರಡು ವರ್ಷ ಒಬ್ಬರೇ ಕೂತು, ಎದುರಾಡಿದವರನ್ನು ಹೊರಗೆ ಹಾಕಿ, ನ್ಯಾಯಾಲಯದ ಬೆನ್ನುಮೂಳೆ ಮುರಿದು ಕಟ್ಟಿಟ್ಟ ಮನೆ ಅದು. ಅದರಲ್ಲಿ ಕಳ್ಳ ಹೊಕ್ಕಾಗ ಕಿಟಕಿಗಳೇ ಇಲ್ಲವಲ್ಲ ಎಂದು ಮೇಸ್ತ್ರಿಯೇ ಕೂಗಿಕೊಂಡರೆ ಪಾಪ ಎನ್ನಿಸಬಹುದು, ಹೂವಿನ ಹಾರ ಹಾಕಬೇಕೆಂದು ನನಗಂತೂ ಅನ್ನಿಸುವುದಿಲ್ಲ.

ಆದರೆ ನಾನೂ ಹಾರ ಹಾಕಿದವನೇ. ಇದನ್ನು ಹೇಳದೆ ಉಳಿದದ್ದನ್ನೆಲ್ಲ ಬರೆದರೆ ಅಪ್ರಾಮಾಣಿಕತೆಯಾಗುತ್ತದೆ. 2018ರ ಮೇ 9ರ ಬುಧವಾರ ರಾತ್ರಿ ಬ್ರಿಕ್‌ಫೀಲ್ಡ್ಸ್‌ನಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯೊಂದರಲ್ಲಿ ತೆಹ್ ತಾರಿಕ್ ಚಹಾದ ಲೋಟಗಳ ನಡುವೆ ಟಿ.ವಿ. ನೋಡುತ್ತ ನಾನೂ ಕೂತಿದ್ದೆ. ಮಹಾತಿರ್ ಆಗ ಬೆರ್ಸಾತು ಎಂಬ ತಮ್ಮ ಹೊಸ ಪಕ್ಷದ ಮುಖಂಡರು. ಆ ಪಕ್ಷಕ್ಕೆ ನೋಂದಣಿಯ ತೊಡಕು ಬಂದು, ಮೈತ್ರಿಕೂಟದವರು ಅನ್ವರ್ ಅವರ ಪಕ್ಷದ ಚಿಹ್ನೆಯಡಿಯೇ ಚುನಾವಣೆಗೆ ನಿಂತಿದ್ದರು. 1998ರಲ್ಲಿ ಬಂಧನದಲ್ಲಿದ್ದಾಗ ಪೊಲೀಸ್ ಮುಖ್ಯಸ್ಥನ ಏಟಿಗೆ ಕಪ್ಪಗಾಗಿದ್ದ ಅನ್ವರರ ಕಣ್ಣನ್ನೇ ಆ ಚಿಹ್ನೆಯಲ್ಲಿ ಕಾಣುವವರು ಅಲ್ಲಿ ಬಹಳ ಜನ. ಅದೇ ಚಿಹ್ನೆಯ ಕೆಳಗೆ ಮಹಾತಿರ್! ಮಧ್ಯರಾತ್ರಿ ದಾಟಿದ ಮೇಲೆ, ಸ್ವಾತಂತ್ರ್ಯದಿಂದ ಅಂದಿನವರೆಗೆ 61 ವರ್ಷ ಆಳಿದ ಒಕ್ಕೂಟ ಸೋತಿದೆ ಎಂಬುದು ಖಚಿತವಾಗುತ್ತ ಬಂದಾಗ, ಆ ದೇಶದಲ್ಲಿ ಒಂದು ಮತವೂ ಇಲ್ಲದ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದೆ. ಬೆಂಗಳೂರಿನಲ್ಲಿ ಮಲಗಿದ್ದ ಮಗಳನ್ನು ಫೋನು ಮಾಡಿ ಎಬ್ಬಿಸಿ, ತೊಂಬತ್ತೆರಡರ ಅಜ್ಜ ಗೆದ್ದ ಕಣೇ ಎಂದೆ. ಅವಳು, ಯಾವ ಅಜ್ಜ, ಅಪ್ಪ, ನಿನಗೆ ಹುಷಾರಿದೆ ತಾನೆ ಎಂದು ಕೇಳಿದಳು. ಹುಷಾರಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಏಕೆಂದರೆ ಆಮೇಲೆ ನಡೆದದ್ದನ್ನು ನಾನು ನೋಡಿಯೂ ನೋಡದವನಂತೆ ಇದ್ದೆ. ಬೆರ್ಸಾತು ಆ ಚುನಾವಣೆಯಲ್ಲಿ ಗೆದ್ದದ್ದು ಕೇವಲ 13 ಸ್ಥಾನ. ಮೈತ್ರಿಯಲ್ಲಿ ಅದಕ್ಕಿಂತ ದೊಡ್ಡ ಪಕ್ಷಗಳಿದ್ದವು. ಪ್ರಧಾನಿಯ ಪಕ್ಷವೇ ಚಿಕ್ಕದಾದರೆ ಹೇಗೆ? ಸೋತ ಉಮ್ನೊದಿಂದ ಸಂಸದರು ಹೊರಬರತೊಡಗಿದರು. 2019ರ ಫೆಬ್ರುವರಿಯಲ್ಲಿ ಒಂದೇ ಕಂತಿನಲ್ಲಿ ಏಳು ಮಂದಿ ಬೆರ್ಸಾತು ಸೇರಿದರು. ಉಮ್ನೊ ಪಕ್ಷವಾಗಿ ಬೇಡ, ಬಿಡಿಬಿಡಿಯಾಗಿ ಬಂದರೆ ಸ್ವಾಗತ ಎನ್ನುವುದು ಮಹಾತಿರ್ ಅವರ ನಿಲುವಾಗಿತ್ತು. ಕೆರೆ ಕೊಳಕು, ಆದರೆ ಅದರಿಂದ ಒಂದೊಂದಾಗಿ ಹಾರಿ ಬರುವ ಕಪ್ಪೆಗಳು ಮಡಿ! 2020ರ ಆರಂಭದ ಹೊತ್ತಿಗೆ ಆ 13 ಎಂಬುದು 26 ಆಗಿತ್ತು. ಮತ ಹಾಕಿದವರು ಕೊಟ್ಟದ್ದರಷ್ಟೇ ಇನ್ನೊಂದು ಪಾಲನ್ನು ಹಾರಾಟವೇ ತಂದುಕೊಟ್ಟಿತ್ತು.

ಆಗ ಮಾಮಕ್ ಅಂಗಡಿಯ ಯಜಮಾನ, ನನಗಿಂತ ಎಷ್ಟೋ ಕಡಿಮೆ ಓದಿದ ಮನುಷ್ಯ, ಲೆಕ್ಕಪತ್ರದವನಾದ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದ: “ಸಾರ್, ಅಲ್ಲಿಂದ ಇಲ್ಲಿಗೆ ಬಂದವರು ಇಲ್ಲಿಂದ ಅಲ್ಲಿಗೆ ಹೋಗುವುದಿಲ್ಲವೇ?” ಅವನಿಗೆ ನಾನು ರಾಜಕೀಯದ ಸೂಕ್ಷ್ಮಗಳನ್ನು ಅರ್ಧ ಗಂಟೆ ವಿವರಿಸಿದೆ. ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

2020ರ ಫೆಬ್ರುವರಿ 23ರಂದು, ಭಾನುವಾರ, ಪೆಟಾಲಿಂಗ್ ಜಯಾದ ಶೆರಟಾನ್ ಹೋಟೆಲಿನಲ್ಲಿ ಬೆರ್ಸಾತುವಿನ ಸಂಸದರು, ಅನ್ವರ್ ಪಕ್ಷದಿಂದ ಹೊರಬರಲಿದ್ದ ಆಜ್ಮಿನ್ ಅಲಿ ಗುಂಪಿನವರು, ಉಮ್ನೊದವರು, ಪಾಸ್‌ನವರು ಎಲ್ಲರೂ ಸೇರಿದರು. ಮರುದಿನ ಮಹಾತಿರ್ ರಾಜೀನಾಮೆ ಕೊಟ್ಟರು. ಅನ್ವರ್ ಅವರಿಗೆ ಅಧಿಕಾರ ಬಿಟ್ಟುಕೊಡುವೆನೆಂದು ಚುನಾವಣೆಗೆ ಮೊದಲು ಕೊಟ್ಟಿದ್ದ ಮಾತಿಗೆ ತಾರೀಖು ಮಾತ್ರ ಕೊನೆಯವರೆಗೂ ನಿಗದಿಯಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಹಂಗಾಮಿ ಪ್ರಧಾನಿಯಾಗಿ ಅವರು ಮುಂದಿಟ್ಟ ಸಲಹೆಯೆಂದರೆ ಪಕ್ಷಗಳನ್ನೆಲ್ಲ ಬದಿಗಿಟ್ಟು ತಮ್ಮ ನೇತೃತ್ವದಲ್ಲಿ ಒಂದು ಸರ್ಕಾರ! ಪಕ್ಷಗಳನ್ನು ಬದಲಿಸಿ ಬದಲಿಸಿ ದಣಿದವರಿಗೆ ಕೊನೆಗೆ ಪಕ್ಷವೆಂಬ ವಸ್ತುವೇ ಬೇಡವಾಯಿತು. ಮಾರ್ಚ್ 1ರಂದು ಪ್ರಮಾಣವಚನ ಸ್ವೀಕರಿಸಿದವರು ಬೆರ್ಸಾತುವಿನ ಅಧ್ಯಕ್ಷ ಮುಹಿಯುದ್ದೀನ್ ಯಾಸಿನ್. ಆ 26ರಲ್ಲಿ ಹೆಚ್ಚಿನವರು ಅವರ ಹಿಂದೆ ಹೋದರು. ಮೇ ತಿಂಗಳಲ್ಲಿ ಬೆರ್ಸಾತು ತನ್ನ ಸ್ಥಾಪಕರನ್ನೇ ಸದಸ್ಯತ್ವದಿಂದ ತೆಗೆದುಹಾಕಿತು. ಹಾರಿ ಬಂದವರನ್ನು ಮಡಿಲಲ್ಲಿ ಕೂರಿಸಿಕೊಂಡವರ ತಲೆಯ ಮೇಲಿಂದಲೇ ಅವರು ಹಾರಿದರು. ನಮ್ಮ ಹಿರಿಯರು ಇದಕ್ಕೆ ‘ವಿಶ್ವಾಸದ್ರೋಹ’ ಎಂಬ ಪದ ಬಳಸಿದರು. ಸರಿ. ಸಬಾದಲ್ಲಿ 1994ರಲ್ಲಿ ನಡೆದದ್ದಕ್ಕೆ ಯಾವ ಪದ ಎಂದು ಕೇಳಲು ಕೈ ಎತ್ತಿದೆ, ಕಾಫಿ ಬಂತು.

ಪಕ್ಷಾಂತರ ತಡೆಯುವ ಕಾನೂನು ಮಲೇಷ್ಯಾಕ್ಕೆ ಬಂದದ್ದು ಇಷ್ಟೆಲ್ಲ ಆದ ಮೇಲೆ. 2022ರ ಜುಲೈ 28ರಂದು 209 ಸಂಸದರ ಬೆಂಬಲದಿಂದ ಸಂವಿಧಾನ ತಿದ್ದುಪಡಿ ಕೆಳಮನೆಯಲ್ಲಿ ಅಂಗೀಕಾರವಾಗಿ ಅಕ್ಟೋಬರ್ 5ರಿಂದ ಜಾರಿಯಾಯಿತು. ತಾನಾಗಿ ಹಾರಿದವನ ಸ್ಥಾನ ಹೋಗುತ್ತದೆ, ಪಕ್ಷವೇ ಉಚ್ಚಾಟಿಸಿದರೆ ಉಳಿಯುತ್ತದೆ. ಕೆಲಾಂತಾನ್‌ನ ಆ ನಿಯಮ ಬಿದ್ದು ಮೂವತ್ತು ವರ್ಷಗಳಾಗಿದ್ದವು, ಅದರಲ್ಲಿ ಹನ್ನೊಂದು ವರ್ಷ, ಮುಂದೆ ಮತ್ತೆ ಇಪ್ಪತ್ತೊಂದು ತಿಂಗಳು, ಪ್ರಧಾನಿಯ ಕುರ್ಚಿಯಲ್ಲಿ ಇದ್ದವರು ಒಬ್ಬರೇ.

ಇನ್ನು ‘ಇತ್ಯಾದಿ’ಯ ಬಾಲ. ಬೆರ್ಸಾತು ಹೊರಗೆ ಹಾಕಿದ ಮೇಲೆ ಅವರು ಪೆಜುವಾಂಗ್ ಎಂಬ ಪಕ್ಷ ಕಟ್ಟಿದರು. 2022ರ ನವೆಂಬರ್‌ನಲ್ಲಿ ಲಂಕಾವಿಯಲ್ಲಿ ನಿಂತರು. ಸುಂಕಮುಕ್ತ ದ್ವೀಪವನ್ನಾಗಿ ಅವರ ಸರ್ಕಾರವೇ ಬೆಳೆಸಿದ, 2018ರಲ್ಲಿ ಅವರನ್ನು ಗೆಲ್ಲಿಸಿದ ಅದೇ ಲಂಕಾವಿ. ಐವರ ಪೈಕಿ ನಾಲ್ಕನೆಯವರಾಗಿ, 4,566 ಮತ ಪಡೆದು, ಠೇವಣಿ ಕಳೆದುಕೊಂಡರು. ಆ ಸುದ್ದಿ ಓದಿದ ದಿನ ನನಗೆ ಸಂತೋಷವಾಗಲಿಲ್ಲ, ಕುರ್ಚಿಯ ಮೇಲೆ ನಿಂತಿದ್ದ ರಾತ್ರಿ ನೆನಪಾಗಿ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಬಳಿಕ ಪೆಜುವಾಂಗ್ ಅನ್ನೂ ಬಿಟ್ಟರು. 2023ರ ಫೆಬ್ರುವರಿಯಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ, ಪುತ್ರಾ ಎಂಬ ಚಿಕ್ಕ ಪಕ್ಷವನ್ನು ಸೇರಿದರು. ಅದರ ನಾಯಕ ಇಬ್ರಾಹಿಂ ಅಲಿ. ಉಮ್ನೊ, ಸೆಮಾಂಗಾತ್ 46, ಮತ್ತೆ ಉಮ್ನೊ, ಸ್ವತಂತ್ರ, ಪಾಸ್ ಟಿಕೆಟ್, ಮತ್ತೆ ಸ್ವತಂತ್ರ ಎಂದು ಜೀವಮಾನವಿಡೀ ಹಾರಿದ್ದಕ್ಕೆ ಮಲೇಷ್ಯನ್ನರು ಅವರಿಗೆ ಇಟ್ಟ ಅಡ್ಡಹೆಸರು ‘ರಾಜಾ ಕಟಾಕ್’. ಕಪ್ಪೆಗಳ ರಾಜ. ಮಹಾತಿರ್ ಆ ಆಸ್ಥಾನದಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ, ಅದೇ ವರ್ಷ ಹೊರಬಂದರು.

ಇಬ್ರಾಹಿಂ ಅಲಿಯವರಿಗೆ ಆ ಹೆಸರು, ಮಹಾತಿರ್ ಅವರಿಗೆ ‘ಇತ್ಯಾದಿ’. ಒಬ್ಬರಿಗೆ ಬೈಗುಳ, ಇನ್ನೊಬ್ಬರಿಗೆ ಅಲ್ಪವಿರಾಮದ ಪಕ್ಕದ ಮೂರಕ್ಷರ.

ಇಷ್ಟು ಬರೆದ ಮೇಲೆ ನಿನ್ನೆ ಸಂಜೆ ಧೈರ್ಯ ಮಾಡಿ ಹಿರಿಯರಿಗೆ ಫೋನು ಮಾಡಿದೆ. ಅವರು ಸಿಟ್ಟಾಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಬಡಾವಣೆಯಲ್ಲಿ ಇದೇ ಉಪನ್ಯಾಸವಿದೆ, ಪಟ್ಟಿ ಕಳಿಸಿ, ಸೇರಿಸುತ್ತೇನೆ ಎಂದರು. ಉಮ್ನೊದಿಂದ ಪುತ್ರಾವರೆಗೆ ವರ್ಷಗಳ ಸಮೇತ ಎಲ್ಲವನ್ನೂ ಟೈಪು ಮಾಡಿ ಕಳಿಸಿದೆ. ರಾತ್ರಿ ಹತ್ತಕ್ಕೆ ಅವರ ಉತ್ತರ ಬಂತು: “ನೋಡಿದೆ ರಾಯರೇ, ಬಹಳ ಉಪಯುಕ್ತ. ಆದರೆ ಸ್ಲೈಡಿನಲ್ಲಿ ಜಾಗ ಸಾಲುವುದಿಲ್ಲವಲ್ಲ.”